ನೆಟ್‌ವರ್ಕ್ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಮಿಟುಕಿದರೆ

ಪ್ರಶ್ನೆ: ನಮ್ಮದು ಪದವಿ ಕಾಲೇಜು. ಮೂರು ಕಂಪ್ಯೂಟರ್ ಲ್ಯಾಬ್, ಗ್ರಂಥಾಲಯ, ಕಚೇರಿ, ಸಿಬ್ಬಂದಿ ಕೊಠಡಿ ಎಲ್ಲ ಸೇರಿ ಸುಮಾರು 90 ಕಂಪ್ಯೂಟರ್‌ಗಳಿವೆ. ನಡುವೆ 24 ಪೋರ್ಟಿನ (ಕೇಬಲ್ ಚುಚ್ಚುವ ಜಾಗ), 100 ಎಂಬಿಪಿಎಸ್‌ನ ಸಿಸ್ಕೋ 2960 ಸ್ವಿಚ್, ಅಂದರೆ ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ. ಉಳಿದ ಕಡೆ ಅಂಗಡಿಯಲ್ಲಿ ಸಿಗುವ 8 ಮತ್ತು 16 ಪೋರ್ಟಿನ ಸಾದಾ ಸ್ವಿಚ್‌ಗಳು. ವಾರಕ್ಕೊಂದೆರಡು ಸಲ ಇಡೀ ಕಾಲೇಜಿನ ನೆಟ್‌ವರ್ಕ್ ಒಮ್ಮೆಲೇ ನಿಂತುಹೋಗುತ್ತದೆ. ಆಗ ಎಲ್ಲ ಸ್ವಿಚ್‌ಗಳ ದೀಪಗಳೂ ಒಂದೇ ತಾಳದಲ್ಲಿ ಮಿಟುಕುತ್ತಿರುತ್ತವೆ. 2960 ಅನ್ನು ಆಫ್ ಮಾಡಿ ಆನ್ ಮಾಡಿದರೆ ಕೆಲವೊಮ್ಮೆ ಅರ್ಧ ದಿನ ಸರಿಯಿರುತ್ತದೆ, ಕೆಲವೊಮ್ಮೆ ಆನ್ ಆದ ಕೂಡಲೇ ಮತ್ತೆ ಅದೇ. ಲೂಪ್ (ದಾರಿ ಎಲ್ಲೋ ಸುತ್ತಿ ಹೊರಟ ಜಾಗಕ್ಕೇ ಕೂಡಿರುವುದು) ಎಂದು ಎಲ್ಲರೂ ಹೇಳುತ್ತಾರೆ, ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಹುಡುಕುವುದು ಹೇಗೆ? ಸ್ಪ್ಯಾನಿಂಗ್ ಟ್ರೀ ಎಂಬ ಲೂಪ್ ತಡೆ ಇರುವ ಸ್ವಿಚ್ ಇದ್ದೂ ಹೀಗಾಗುವುದೇಕೆ? ಮತ್ತೆ ಆಗದಂತೆ ತಡೆಯುವುದು ಹೇಗೆ?

ಉತ್ತರ: ಮೊದಲು ಒಂದು ಅಭ್ಯಾಸ ಬಿಡಬೇಕು. ತೊಂದರೆ ಬಂದ ಕೂಡಲೇ 2960 ಅನ್ನು ಆಫ್ ಮಾಡಬೇಡಿ. ಆ ಸ್ವಿಚ್ ತನ್ನ ಲಾಗ್ (ನಡೆದದ್ದರ ದಿನಚರಿ) ಅನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಕರೆಂಟು ತೆಗೆದ ಕ್ಷಣ ಅದೆಲ್ಲ ಅಳಿಸಿಹೋಗುತ್ತದೆ. ಎಲ್ಲಿ ಲೂಪ್ ಆಯಿತು ಎಂಬುದಕ್ಕೆ ನಿಮ್ಮ ಬಳಿ ಇರುವ ಒಬ್ಬನೇ ಸಾಕ್ಷಿಯನ್ನು ವಾರಕ್ಕೆರಡು ಸಲ ನೀವೇ ಅಳಿಸುತ್ತಿದ್ದೀರಿ.

ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದರೆ ಹುಡುಕುವುದು ಸುಲಭ. ಫ್ರೇಮ್ ಎಂದರೆ ಕೇಬಲ್ಲಿನಲ್ಲಿ ಹೋಗುವ ಮಾಹಿತಿಯ ಒಂದು ತುಣುಕು. ಬ್ರಾಡ್‌ಕಾಸ್ಟ್ ಫ್ರೇಮ್ ಎಂದರೆ ಡಂಗುರ ಇದ್ದ ಹಾಗೆ. ಸ್ವಿಚ್ ಅದನ್ನು ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ಒಂದು ಕಂಪ್ಯೂಟರ್ ಗೇಟ್‌ವೇಯ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲಿನ) ವಿಳಾಸ ಕೇಳುವ ಎಆರ್‌ಪಿ, ಐಪಿ ಕೇಳುವ ಡಿಎಚ್‌ಸಿಪಿ ಎಲ್ಲ ಇದೇ ಜಾತಿ. ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಇದ್ದರೆ, ಅಥವಾ ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ ಹೋಗಿದ್ದರೆ, ಹೋದ ಫ್ರೇಮ್ ಮರಳಿ ಬರುತ್ತದೆ. ಸ್ವಿಚ್ ಅದನ್ನು ಹೊಸದೆಂದು ತಿಳಿದು ಮತ್ತೆ ಎಲ್ಲೆಡೆ ಹಂಚುತ್ತದೆ. ಐಪಿ ಪ್ಯಾಕೆಟ್‌ಗಾದರೆ ಟಿಟಿಎಲ್ ಎಂಬ ಆಯುಸ್ಸು ಇದೆ, ಪ್ರತಿ ರೂಟರ್ ದಾಟಿದಾಗ ಒಂದೊಂದು ಕಳೆದು ಕೊನೆಗೆ ಸಾಯುತ್ತದೆ. ಇಥರ್ನೆಟ್ ಫ್ರೇಮ್‌ಗೆ ಅಂಥದ್ದೇನೂ ಇಲ್ಲ. ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ, ಸುತ್ತಿಗೊಮ್ಮೆ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೊಂದು ಪ್ರತಿ ಎಸೆದು ಹೋಗುತ್ತದೆ. 64 ಬೈಟಿನ ಚಿಕ್ಕ ಫ್ರೇಮ್‌ಗಳಾದರೆ 100 ಎಂಬಿಪಿಎಸ್ ಕೇಬಲ್ಲಿನಲ್ಲಿ ಸೆಕೆಂಡಿಗೆ 1,48,809 ಹಿಡಿಸುತ್ತವೆ; ಗಿಗಾಬಿಟ್‌ನಲ್ಲಿ ಅದರ ಹತ್ತರಷ್ಟು. ಪ್ರತಿಯೊಂದು ಬ್ರಾಡ್‌ಕಾಸ್ಟನ್ನೂ ಕಂಪ್ಯೂಟರ್ ಬಿಚ್ಚಿ ನೋಡಲೇಬೇಕು. ಹಾಗಾಗಿ ಇಂಟರ್ನೆಟ್ ಬಳಸದೆ ಸುಮ್ಮನೆ ಟೈಪ್ ಮಾಡುತ್ತಿದ್ದವರ ಕಂಪ್ಯೂಟರೂ ಮಂದವಾಗುತ್ತದೆ.

ಎರಡನೇ ಪರಿಣಾಮವೇ ಪತ್ತೆಗೆ ಹೆಚ್ಚು ಉಪಯೋಗ. ಯಾವ ಮ್ಯಾಕ್ ವಿಳಾಸ (ಪ್ರತಿ ಲ್ಯಾನ್ ಕಾರ್ಡಿಗಿರುವ ಗುರುತಿನ ಸಂಖ್ಯೆ) ಯಾವ ಪೋರ್ಟಿನ ಕಡೆ ಇದೆ ಎಂದು ಸ್ವಿಚ್ ಪಟ್ಟಿ ಇಟ್ಟಿರುತ್ತದೆ. ಲೂಪ್ ಆದಾಗ ಒಂದೇ ಕಂಪ್ಯೂಟರಿನ ಫ್ರೇಮ್ ಈಗ 3ನೇ ಪೋರ್ಟಿನಿಂದ, ಮರುಕ್ಷಣ 7ನೇ ಪೋರ್ಟಿನಿಂದ ಬರುತ್ತದೆ. ಪಟ್ಟಿ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ, ಲಾಗ್‌ನಲ್ಲಿ "ಮ್ಯಾಕ್‌ಫ್ಲ್ಯಾಪ್" ಎಂಬ ಸಾಲು ಬೀಳುತ್ತದೆ. ಆ ಸಾಲಿನಲ್ಲಿ ಎರಡು ಪೋರ್ಟಿನ ಸಂಖ್ಯೆಯೂ ಇರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ, 2960ರಲ್ಲಿ ಪೆಟ್ಟಿಗೆಯಿಂದ ತೆಗೆದಾಗಲೇ ಚಾಲೂ ಇರುತ್ತದೆ. ಅದು 2 ಸೆಕೆಂಡಿಗೊಮ್ಮೆ ಪ್ರತಿ ಪೋರ್ಟಿನಿಂದ ಬಿಪಿಡಿಯು ಎಂಬ ಸಣ್ಣ ಫ್ರೇಮ್ ಕಳಿಸುತ್ತದೆ. ತಾನು ಕಳಿಸಿದ್ದು ಸುತ್ತಿ ತನಗೇ ಬಂದರೆ ಅಲ್ಲಿ ಲೂಪ್ ಇದೆ ಎಂದು ತಿಳಿದು ಒಂದು ಪೋರ್ಟ್ ಮುಚ್ಚುತ್ತದೆ. ಅಂದರೆ ಸ್ಪ್ಯಾನಿಂಗ್ ಟ್ರೀ ಸರಿಯಾಗಿ ಕೆಲಸ ಮಾಡಿದ್ದರೆ ಲೂಪ್ ಆದ ಲ್ಯಾಬ್ ಒಂದೇ ನಿಲ್ಲಬೇಕಿತ್ತು, ಕಾಲೇಜಿಡೀ ಅಲ್ಲ. ನಿಮ್ಮಲ್ಲಿ ಎಲ್ಲವೂ ನಿಲ್ಲುತ್ತಿದೆ ಎಂದರೆ ಬಿಪಿಡಿಯು ಮರಳಿ ಬರುತ್ತಿಲ್ಲ, ಅಥವಾ ಹೊರಟೇ ಇಲ್ಲ.

ಮರಳಿ ಬಾರದಿರಲು ಕಾರಣ ಸಾದಾ ಸ್ವಿಚ್. ಬಿಪಿಡಿಯು ಹೋಗುವುದು 01-80-ಸಿ2-00-00-00 ಎಂಬ ವಿಳಾಸಕ್ಕೆ. ಸ್ವಿಚ್‌ಗಳು ಅದನ್ನು ದಾಟಿಸಬಾರದು ಎಂಬುದು ನಿಯಮ. ಕೆಲವು ಸಾದಾ ಸ್ವಿಚ್‌ಗಳು ನಿಯಮ ಪಾಲಿಸಿ ಅದನ್ನು ನುಂಗುತ್ತವೆ, ಆದರೆ ಸ್ಪ್ಯಾನಿಂಗ್ ಟ್ರೀ ನಡೆಸುವ ಬುದ್ಧಿ ಅವಕ್ಕಿಲ್ಲ. ಇನ್ನು ಕೆಲವು ನಿಯಮ ಗೊತ್ತಿಲ್ಲದೆ ದಾಟಿಸಿಬಿಡುತ್ತವೆ. ವಿಚಿತ್ರವೆಂದರೆ ನಮಗೆ ಒಳ್ಳೆಯದು ಈ ಎರಡನೆಯವೇ.

ಹೊರಟೇ ಇರದಿದ್ದರೆ ಅದು ಮನುಷ್ಯರ ಕೆಲಸ. ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಕೇಬಲ್ ಹಾಕಿದ ಪೋರ್ಟ್ 15 ಮತ್ತು 15, ಒಟ್ಟು 30 ಸೆಕೆಂಡ್ ಕಾದು ಆಮೇಲೆ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಕಂಪ್ಯೂಟರಿನ ಡಿಎಚ್‌ಸಿಪಿ ಸೋತಿರುತ್ತದೆ. ಇದಕ್ಕೆ ಬೇಸತ್ತು ಸ್ಪ್ಯಾನಿಂಗ್ ಟ್ರೀಯನ್ನೇ ನಿಲ್ಲಿಸುವ "ನೋ ಸ್ಪ್ಯಾನಿಂಗ್-ಟ್ರೀ ವಿಲ್ಯಾನ್ 1" ಎಂಬ ಆದೇಶ ಬರೆದು ಹೋಗುವ ಟೆಕ್ನಿಷಿಯನ್‌ಗಳು ಕಡಿಮೆಯಿಲ್ಲ. ಇನ್ನು ಕೆಲವರು ಪೋರ್ಟಿಗೆ ಬಿಪಿಡಿಯು ಫಿಲ್ಟರ್ ಹಾಕಿರುತ್ತಾರೆ. ಹೆಸರು ಕೇಳಿದರೆ ರಕ್ಷಣೆಯಂತೆ ಕಾಣುತ್ತದೆ, ಆದರೆ ಪೋರ್ಟಿನ ಮಟ್ಟದಲ್ಲಿ ಅದು ಬಿಪಿಡಿಯು ಕಳಿಸುವುದನ್ನೂ ಕೇಳುವುದನ್ನೂ ಎರಡನ್ನೂ ನಿಲ್ಲಿಸುತ್ತದೆ. ಕಳ್ಳ ಬರಲೆಂದು ನಾಯಿಗೆ ಬಾಯಿ ಕಟ್ಟಿದ ಹಾಗೆ. ಸ್ವಿಚ್ಚಿನ ಸೆಟ್ಟಿಂಗ್ ತೋರಿಸುವ "ಶೋ ರನ್ನಿಂಗ್-ಕಾನ್ಫಿಗ್" ನೋಡಿ, ಈ ಎರಡರಲ್ಲಿ ಯಾವುದಿದ್ದರೂ ಮೊದಲು ತೆಗೆಯಿರಿ.

ಈಗ ಹುಡುಕುವ ಕೆಲಸ. ಸುತ್ತುವ ಫ್ರೇಮ್‌ಗಳ ಬಿರುಗಾಳಿ ಎದ್ದಾಗ, ನೆಟ್‌ವರ್ಕ್ ಮೂಲಕ ಸ್ವಿಚ್ಚಿಗೆ ಆದೇಶ ಕೊಡುವ ಟೆಲ್ನೆಟ್ಟೂ ವೆಬ್ ಪುಟವೂ ತೆರೆಯದಿರಬಹುದು, ಆದ್ದರಿಂದ ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಮತ್ತು ಯುಎಸ್‌ಬಿ-ಸೀರಿಯಲ್ ಅಡಾಪ್ಟರನ್ನು ರ‍್ಯಾಕ್‌ನಲ್ಲೇ ನೇತುಹಾಕಿಡಿ. ಪುಟ್ಟಿ ಎಂಬ ತಂತ್ರಾಂಶದಲ್ಲಿ ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಇಂದೇ, ಎಲ್ಲ ಸರಿಯಿರುವಾಗಲೇ, ಸ್ವಿಚ್ಚಿನ ಗಡಿಯಾರ ಹೊಂದಿಸಿ ("ಕ್ಲಾಕ್ ಟೈಮ್‌ಝೋನ್ ಐಎಸ್‌ಟಿ 5 30", ಬಳಿಕ ಸಮಯ ತಾನಾಗಿ ಸರಿಪಡಿಸುವ ಎನ್‌ಟಿಪಿ), ಲಾಗ್‌ನ ಸಾಲುಗಳಿಗೆ ದಿನಾಂಕ ಬೀಳುವಂತೆ ಮಾಡಿ, ಎಲ್ಲ ಪೋರ್ಟ್‌ಗಳಿಗೆ "ಲೋಡ್-ಇಂಟರ್ವಲ್ 30" ಹಾಕಿ. ಇಲ್ಲದಿದ್ದರೆ ಸ್ವಿಚ್ ತೋರಿಸುವ ವೇಗ 5 ನಿಮಿಷದ ಸರಾಸರಿ ಆಗಿರುತ್ತದೆ, ಈಗತಾನೇ ಎದ್ದ ಬಿರುಗಾಳಿ ಅದರಲ್ಲಿ ಸಣ್ಣದಾಗಿ ಕಾಣುತ್ತದೆ.

ತೊಂದರೆ ಬಂದಾಗ ಮೊದಲು "ಶೋ ಲಾಗಿಂಗ್". ಮ್ಯಾಕ್‌ಫ್ಲ್ಯಾಪ್ ಸಾಲಿನಲ್ಲಿ ಎರಡು ಪೋರ್ಟ್ ಕಂಡರೆ ಲೂಪ್ ಆ ಎರಡರ ನಡುವೆ, 2960ರ ಮೂಲಕವೇ ಹಾದಿದೆ. ಒಂದನ್ನು ಕಿತ್ತರೆ ಸಾಕು. ಒಂದು ಪೋರ್ಟ್ ಯಾವಾಗಲೂ ಅದೇ ಇದ್ದು ಇನ್ನೊಂದು ಬದಲಾಗುತ್ತಿದ್ದರೆ, ಅದೇ ಇರುವ ಪೋರ್ಟಿನ ಆಚೆ ಇರುವ ಸಾದಾ ಸ್ವಿಚ್ಚಿನ ಒಳಗೇ ಲೂಪ್ ಇದೆ: ಎಲ್ಲರ ಫ್ರೇಮನ್ನೂ ಅದು ಪ್ರತಿಫಲಿಸುತ್ತಿದೆ.

ಆಮೇಲೆ "ಶೋ ಇಂಟರ್‌ಫೇಸಸ್" ಕೊಟ್ಟು ಇನ್‌ಪುಟ್ ರೇಟ್ ನೋಡಿ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಔಟ್‌ಪುಟ್ ರೇಟ್ ಎಲ್ಲ ಪೋರ್ಟ್‌ಗಳಲ್ಲೂ ಏರಿರುತ್ತದೆ, ಏಕೆಂದರೆ ಕಸವನ್ನು ಸ್ವಿಚ್ ಎಲ್ಲರಿಗೂ ಹಂಚುತ್ತಿದೆ. ಕಸ ಒಳಗೆ ಬರುತ್ತಿರುವುದು ಮಾತ್ರ ಒಂದೆರಡು ಪೋರ್ಟಿನಿಂದ. ಒಳಬರುವ ಲೆಕ್ಕ 100 ಎಂಬಿಪಿಎಸ್ ಹತ್ತಿರ ಇರುವ ಪೋರ್ಟೇ ಮೂಲ.

ಪಾಸ್‌ವರ್ಡ್ ಕಳೆದುಹೋಗಿ ಕನ್ಸೋಲ್ ಒಳಹೋಗದಿದ್ದರೂ ಕೈಯಿಂದಲೇ ಹುಡುಕಬಹುದು. 2960ರಿಂದ ಲ್ಯಾಬ್‌ಗಳಿಗೆ ಹೋಗುವ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು 10 ಸೆಕೆಂಡ್ ದೀಪ ನೋಡಿ. ಶಾಂತವಾಗದಿದ್ದರೆ ಕಿತ್ತದ್ದನ್ನು ಮರಳಿ ಹಾಕಬೇಡಿ, ಹಾಗೇ ಬಿಟ್ಟು ಮುಂದಿನದನ್ನು ಕೀಳಿ. ಎರಡು ಕಡೆ ಲೂಪ್ ಇರುವಾಗ ಒಂದನ್ನು ಕಿತ್ತು ನೋಡಿ ಮರಳಿ ಹಾಕುತ್ತಾ ಹೋದರೆ ಸಂಜೆವರೆಗೂ ಸಿಗುವುದಿಲ್ಲ. ಎಲ್ಲ ಶಾಂತವಾದ ಮೇಲೆ ಒಂದೊಂದೇ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಮತ್ತೆ ಏಳುತ್ತದೋ ಆ ಕೋಣೆಗೆ ಹೋಗಿ.

ಕೋಣೆಯೊಳಗೆ ಕೇಬಲ್‌ಗಳ ಗೋಜಲಿನಲ್ಲಿ ಒಂದೊಂದನ್ನೇ ಹಿಂಬಾಲಿಸಿ ಹೋಗುವುದು ಕಾಲಹರಣ. ಆ ಲ್ಯಾಬಿನ ಕಂಪ್ಯೂಟರ್‌ಗಳ ಕರೆಂಟನ್ನು ಗೋಡೆಯ ಬೋರ್ಡಿನಲ್ಲೇ ತೆಗೆಯಿರಿ. ಬರೀ ಶಟ್‌ಡೌನ್ ಸಾಲದು: ವೇಕ್-ಆನ್-ಲ್ಯಾನ್ ಚಾಲೂ ಇದ್ದರೆ ಆಫ್ ಆದ ಕಂಪ್ಯೂಟರೂ ಪೋರ್ಟಿನ ದೀಪ ಉರಿಸುತ್ತಿರುತ್ತದೆ. ಸಾದಾ ಸ್ವಿಚ್ಚಿಗೆ ಮಾತ್ರ ಕರೆಂಟು ಇರಲಿ. ಈಗ 2960ಗೆ ಹೋಗುವ ಪೋರ್ಟಿನ ದೀಪ ಒಂದೇ ಉರಿಯಬೇಕು. ಬೇರೆ ಎರಡು ಉರಿಯುತ್ತಿದ್ದರೆ ಅವು ಒಂದೇ ಕೇಬಲ್ಲಿನ ಎರಡು ತುದಿಗಳು. ಇನ್ನೊಂದು ಒಂಟಿಯಾಗಿ ಉರಿಯುತ್ತಿದ್ದರೆ ಆಚೆ ಇನ್ನೊಂದು ಸ್ವಿಚ್ಚೋ ವೈಫೈ ಪೆಟ್ಟಿಗೆಯೋ ಇದೆ, ಅದರ ಬೆನ್ನು ಹತ್ತಿ.

ಲೂಪ್ ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ಒಂದು ಲ್ಯಾಪ್‌ಟಾಪಿನಲ್ಲಿ, ಬರುವ ಫ್ರೇಮ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿ ಐದು ಸೆಕೆಂಡ್ ಹಿಡಿಯಿರಿ. ಹೆಚ್ಚು ಹಿಡಿದರೆ ಲ್ಯಾಪ್‌ಟಾಪೇ ಮಲಗುತ್ತದೆ. ಒಂದೇ ಐಪಿ ಪ್ಯಾಕೆಟ್, ಅದೇ ಐಡೆಂಟಿಫಿಕೇಶನ್ ಸಂಖ್ಯೆ, ಟಿಟಿಎಲ್ ಬದಲಾಗದೆ ನೂರಾರು ಸಲ ಕಂಡರೆ ಸ್ವಿಚ್ ಲೂಪ್. ಟಿಟಿಎಲ್ ಪ್ರತಿ ಸಲ ಒಂದೊಂದು ಇಳಿಯುತ್ತಿದ್ದರೆ ತಪ್ಪು ರೂಟರಿನದು. ಐಡಿ ಸಂಖ್ಯೆ ಪ್ರತಿ ಸಲ ಹೊಸತು, ಕಳಿಸಿದವನು ಮಾತ್ರ ಒಬ್ಬನೇ ಎಂದಾದರೆ ಲೂಪ್ ಅಲ್ಲವೇ ಅಲ್ಲ. ಯಾವುದೋ ಕಂಪ್ಯೂಟರಿನ ಲ್ಯಾನ್ ಕಾರ್ಡೋ ಅದರ ಡ್ರೈವರೋ ಕೆಟ್ಟು ಸುರಿಯುತ್ತಿದೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು "ಕೆಲವೊಮ್ಮೆ ಅರ್ಧ ದಿನ ಸರಿ" ಎಂಬ ಮಾತು. ಖಾಯಂ ಹಾಕಿಟ್ಟ ಕೇಬಲ್ಲಿನ ಲೂಪ್ ಅರ್ಧ ದಿನ ಸುಮ್ಮನಿರಲಾರದು. 2960 ಮರಳಿ ಆನ್ ಆಗಿ ಮೊದಲ ಎಆರ್‌ಪಿ ಹೊರಟ ಕೂಡಲೇ ಸುತ್ತು ಶುರುವಾಗುತ್ತದೆ. ಅರ್ಧ ದಿನದ ಶಾಂತಿ ಎಂದರೆ ದಾರಿಯೇ ಆಗಾಗ ಕೂಡಿ, ಆಗಾಗ ತಪ್ಪುತ್ತಿದೆ. ಆಗಾಗ ಕೂಡುವ ದಾರಿಗಳಲ್ಲಿ ನಾನು ಮೊದಲು ಅನುಮಾನಿಸುವುದು ವೈಫೈ ರಿಪೀಟರನ್ನು. ರಿಪೀಟರ್ ಗಾಳಿಯಲ್ಲಿ ನಿಮ್ಮ ನೆಟ್‌ವರ್ಕಿಗೆ ಸೇರಿರುತ್ತದೆ. "ಸ್ಪೀಡ್ ಬರಲಿ" ಎಂದು ಯಾರೋ ಅದಕ್ಕೆ ಕೇಬಲ್ಲನ್ನೂ ಹಾಕುತ್ತಾರೆ. ಒಂದು ದಾರಿ ತಾಮ್ರದಲ್ಲಿ, ಇನ್ನೊಂದು ಗಾಳಿಯಲ್ಲಿ. ಸಿಗ್ನಲ್ ಸಿಕ್ಕಾಗ ಲೂಪ್, ತಪ್ಪಿದಾಗ ಶಾಂತಿ. ಎಷ್ಟು ಕೇಬಲ್ ಎಣಿಸಿದರೂ ಇದು ಸಿಗುವುದಿಲ್ಲ. ಕೇಬಲ್ ಹಾಕುವುದಾದರೆ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಬೇಕು, ರಿಪೀಟರ್ ಮೋಡ್‌ನಲ್ಲಿ ಬಿಡಬಾರದು.

ಎರಡನೆಯದು, ವೈಫೈ ಮತ್ತು ಲ್ಯಾನ್ ಎರಡೂ ಇರುವ ವಿಂಡೋಸ್ ಕಂಪ್ಯೂಟರಿನಲ್ಲಿ ಯಾರೋ ಎರಡನ್ನೂ ಆಯ್ದು "ಬ್ರಿಡ್ಜ್ ಕನೆಕ್ಷನ್ಸ್" ಒತ್ತಿರುವುದು. ಎನ್‌ಸಿಪಿಎ.ಸಿಪಿಎಲ್ ತೆರೆದರೆ "ನೆಟ್‌ವರ್ಕ್ ಬ್ರಿಡ್ಜ್" ಎಂಬ ಚಿತ್ರ ಕಾಣುತ್ತದೆ. ಆ ಕಂಪ್ಯೂಟರ್ ಆನ್ ಆದ ದಿನ ಮಾತ್ರ ತೊಂದರೆ. ಮೂರನೆಯದು ಐಪಿ ಫೋನ್: ಹಿಂದೆ ಎರಡು ಪೋರ್ಟ್, ಒಂದು ಗೋಡೆಗೆ, ಒಂದು ಕಂಪ್ಯೂಟರಿಗೆ. ಮೇಜು ಒರೆಸಿದ ಮೇಲೆ ಎರಡನ್ನೂ ಗೋಡೆಗೇ ಚುಚ್ಚಿದರೆ ಫೋನಿನ ಒಳಗಿನ ಪುಟ್ಟ ಸ್ವಿಚ್ಚೇ ಸೇತುವೆಯಾಗುತ್ತದೆ. ಆನ್ ಆದ ಕೂಡಲೇ ಮರಳುವ ದಿನಗಳಿಗೆ ಮಾತ್ರ ಹಳೆಯ ಕಾರಣ ಸಾಕು: ಲ್ಯಾಬಿನ ಮೇಜಿನ ಮೇಲೆ ಖಾಲಿ ಬಿದ್ದ ಕೇಬಲ್ ತುದಿ ಕಂಡು, ಪಾಪ, ಯಾರೋ ಅದನ್ನು ಖಾಲಿ ಪೋರ್ಟಿಗೆ ಸೇರಿಸಿದ್ದಾರೆ. ಎರಡು ಕೇಬಲ್ ಹಾಕಿದರೆ ವೇಗ ಇಮ್ಮಡಿಯಾಗುತ್ತದೆ ಎಂಬ ನಂಬಿಕೆಯೂ ಇದೇ ಸಾಲಿಗೆ. ಅದಕ್ಕೆ ಎರಡೂ ಬದಿಯಲ್ಲಿ ಕೇಬಲ್‌ಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿಯಂಥ ಸೌಲಭ್ಯ ಬೇಕು, ಸಾದಾ ಸ್ವಿಚ್ಚಿನಲ್ಲಿ ಅದಿಲ್ಲ.

ತಡೆಯುವ ಕೆಲಸವನ್ನು ಒಂದೇ ಬೇಲಿಗೆ ಬಿಡಬಾರದು, ಏಕೆಂದರೆ ಪ್ರತಿ ಬೇಲಿಯಲ್ಲೂ ಒಂದು ಕಿಂಡಿ ಇದೆ. 2960ರಲ್ಲಿ ಮೊದಲು:

ಸ್ಪ್ಯಾನಿಂಗ್-ಟ್ರೀ ಮೋಡ್ ರ‍್ಯಾಪಿಡ್-ಪಿವಿಎಸ್‌ಟಿ
ಸ್ಪ್ಯಾನಿಂಗ್-ಟ್ರೀ ವಿಲ್ಯಾನ್ 1 ಪ್ರಯಾರಿಟಿ 4096

ಮೊದಲ ಸಾಲು 2001ರ 802.1ಡಬ್ಲ್ಯೂ ಮಾನದಂಡದ ವೇಗದ ವಿಧಾನ. ಎರಡನೆಯದು ಈ ಸ್ವಿಚ್ಚೇ ಮರದ ಬೇರು (ದಾರಿಗಳ ಲೆಕ್ಕ ಶುರುವಾಗುವ ಸ್ವಿಚ್) ಎಂದು ಗಟ್ಟಿಮಾಡುತ್ತದೆ. ಎಲ್ಲರ ಪ್ರಯಾರಿಟಿ ಮೂಲಬೆಲೆ (ಯಾರೂ ಬದಲಿಸದಿದ್ದರೆ ಇರುವ ಅಂಕಿ) 32768 ಆಗಿಯೇ ಇದ್ದರೆ ಚಿಕ್ಕ ಮ್ಯಾಕ್ ವಿಳಾಸದವನು ಗೆಲ್ಲುತ್ತಾನೆ, ಅದು ಸಾಮಾನ್ಯವಾಗಿ ಇರುವುದರಲ್ಲೇ ಹಳೆಯ ಸ್ವಿಚ್. ಮುಂದೆ ಎರಡನೇ ಮ್ಯಾನೇಜ್ಡ್ ಸ್ವಿಚ್ (2960ರಂತೆ ಆದೇಶ ಕೊಟ್ಟು ಹೊಂದಿಸುವಂಥದ್ದು) ಬಂದಾಗ ಇದು ಉಪಯೋಗಕ್ಕೆ ಬರುತ್ತದೆ. ಸ್ವಿಚ್ಚಿನ ಹಿಂದೆ ಸ್ವಿಚ್ ಕಟ್ಟುತ್ತಾ ಹೋಗುವಾಗಲೂ ಲೆಕ್ಕವಿರಲಿ, ಮೂಲಬೆಲೆಯ ಕಾಲಮಿತಿಗಳು ಒಂದು ತುದಿಯಿಂದ ಇನ್ನೊಂದಕ್ಕೆ 7 ಸ್ವಿಚ್‌ಗಳವರೆಗೆ ಎಂದು ಹೊಂದಿಸಿದವು. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಈ ಮಿತಿ ಮೀರಿ ಬೆಳೆದು ಸ್ಪ್ಯಾನಿಂಗ್ ಟ್ರೀ ಕುಸಿದು, ವೈದ್ಯರು ಕೆಲವು ದಿನ ಕಾಗದ-ಪೆನ್ನಿಗೆ ಮರಳಬೇಕಾಯಿತು.

ಬಳಿಕ ಕಂಪ್ಯೂಟರಿಗೋ ಸಾದಾ ಸ್ವಿಚ್ಚಿಗೋ ಹೋಗುವ ಪ್ರತಿ ಪೋರ್ಟಿಗೆ:

ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್
ಸ್ಪ್ಯಾನಿಂಗ್-ಟ್ರೀ ಬಿಪಿಡಿಯುಗಾರ್ಡ್ ಎನೇಬಲ್
ಸ್ಟಾರ್ಮ್-ಕಂಟ್ರೋಲ್ ಬ್ರಾಡ್‌ಕಾಸ್ಟ್ ಲೆವೆಲ್ ಪಿಪಿಎಸ್ 500 200
ಸ್ಟಾರ್ಮ್-ಕಂಟ್ರೋಲ್ ಆ್ಯಕ್ಷನ್ ಶಟ್‌ಡೌನ್

ಪೋರ್ಟ್‌ಫಾಸ್ಟ್ 30 ಸೆಕೆಂಡಿನ ಕಾಯುವಿಕೆ ತಪ್ಪಿಸುತ್ತದೆ, ಹಾಗಾಗಿ ಸ್ಪ್ಯಾನಿಂಗ್ ಟ್ರೀ ಕಿತ್ತುಹಾಕುವ ಆಸೆಯೂ ಹೋಗುತ್ತದೆ. ಬಿಪಿಡಿಯು ಗಾರ್ಡ್ ಇಲ್ಲದೆ ಪೋರ್ಟ್‌ಫಾಸ್ಟ್ ಒಂದನ್ನೇ ಹಾಕಬೇಡಿ. ಗಾರ್ಡ್ ಇದ್ದರೆ ಆ ಪೋರ್ಟಿನಲ್ಲಿ ಒಂದೇ ಒಂದು ಬಿಪಿಡಿಯು ಕಂಡರೂ, ಅದು ತನ್ನದೇ ಆಗಿದ್ದರೂ, ಪೋರ್ಟ್ ಎರ್-ಡಿಸೇಬಲ್ ಸ್ಥಿತಿಗೆ ಹೋಗಿ ಮುಚ್ಚಿಕೊಳ್ಳುತ್ತದೆ. 2960ರ ಎರಡು ಪೋರ್ಟ್ ಒಂದೇ ಸಾದಾ ಸ್ವಿಚ್ಚಿಗೆ ಸೇರಿದ್ದರೆ ಒಂದರ ಬಿಪಿಡಿಯು ಇನ್ನೊಂದಕ್ಕೆ ಹೋಗಿ ಎರಡೂ ಮುಚ್ಚಬಹುದು. ಲ್ಯಾಬಿಡೀ ನಿಂತಿತಲ್ಲ ಎಂದು ಗಾಬರಿಯಾಗಬೇಡಿ, ಕೇಬಲ್ ತೆಗೆದು ಒಂದನ್ನು ತೆರೆಯಿರಿ.

ಬಿಪಿಡಿಯು ನುಂಗುವ ಸಾದಾ ಸ್ವಿಚ್ಚಿನ ಹಿಂದಿನ ಲೂಪ್ ಗಾರ್ಡ್‌ಗೆ ಕಾಣುವುದಿಲ್ಲ. ಆ ಕಿಂಡಿಗೆ ಸ್ಟಾರ್ಮ್ ಕಂಟ್ರೋಲ್. ಸೆಕೆಂಡಿಗೆ 500 ಬ್ರಾಡ್‌ಕಾಸ್ಟ್ ಎಂಬುದು ಆರಂಭಕ್ಕೆ ಇಟ್ಟುಕೊಳ್ಳುವ ಅಂಕಿ. ಬೆಳಿಗ್ಗೆ ಲ್ಯಾಬಿನ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಆನ್ ಆಗುವ ಹೊತ್ತಿನಲ್ಲಿ "ಶೋ ಇಂಟರ್‌ಫೇಸಸ್ ಕೌಂಟರ್ಸ್" ಅನ್ನು 60 ಸೆಕೆಂಡ್ ಬಿಟ್ಟು ಎರಡು ಸಲ ಕೊಟ್ಟು, ಒಳಬಂದ ಬ್ರಾಡ್‌ಕಾಸ್ಟ್‌ಗಳ ವ್ಯತ್ಯಾಸವನ್ನು 60ರಿಂದ ಭಾಗಿಸಿ. ಬಂದದ್ದರ ಐದರಷ್ಟು 500ಕ್ಕಿಂತ ಹೆಚ್ಚಾದರೆ ಮಿತಿಯನ್ನು ಅಷ್ಟಕ್ಕೆ ಏರಿಸಿ. ಲೂಪ್ ಆದಾಗ ಲೆಕ್ಕ ಹತ್ತಾರು ಸಾವಿರ ದಾಟುವುದರಿಂದ ಮಿತಿ ಸ್ವಲ್ಪ ಸಡಿಲ ಇದ್ದರೂ ತಪ್ಪಿಸಿಕೊಳ್ಳುವುದಿಲ್ಲ. ಒಂದು ಗುಂಪಿಗೆ ಹೋಗುವ ಮಲ್ಟಿಕಾಸ್ಟ್‌ಗೆ ಮಿತಿ ಹಾಕುವ ಮುನ್ನ ಯೋಚಿಸಿ: ಕ್ಲೋನ್‌ಝಿಲ್ಲಾ ತಂತ್ರಾಂಶದಿಂದ ಇಡೀ ಲ್ಯಾಬಿಗೆ ಒಮ್ಮೆಗೇ ಇಮೇಜ್ (ಡಿಸ್ಕಿನ ಪಡಿಯಚ್ಚು) ಹಾಕುವವರಾದರೆ ಆ ದಿನವೇ ಪೋರ್ಟ್ ಮುಚ್ಚುತ್ತದೆ. ಒಬ್ಬರಿಂದ ಒಬ್ಬರಿಗೇ ಹೋಗುವ ಯೂನಿಕಾಸ್ಟ್‌ಗಂತೂ ಹಾಕಲೇಬೇಡಿ.

ಇವೆರಡರ ನಡುವೆ 2960 ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸವಿದೆ. 10 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಫ್ರೇಮ್ ಕಳಿಸುತ್ತದೆ. ಅದು ಅದೇ ಪೋರ್ಟಿಗೆ ಮರಳಿದರೆ ಲಾಗ್‌ನಲ್ಲಿ "ಲೂಪ್‌ಬ್ಯಾಕ್ ಡಿಟೆಕ್ಟೆಡ್" ಎಂದು ಬರೆದು ಪೋರ್ಟ್ ಮುಚ್ಚುತ್ತದೆ. ಯಾರಾದರೂ "ನೋ ಕೀಪ್‌ಅಲೈವ್" ಹಾಕಿದ್ದರೆ ಲ್ಯಾಬ್ ಪೋರ್ಟ್‌ಗಳಲ್ಲಿ ಅದನ್ನು ಹಿಂತೆಗೆಯಿರಿ. ಬೇರೆ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಇನ್ನೂ ಗಟ್ಟಿಯಾದ ಸೌಲಭ್ಯವಿದೆ: ಹಳೆಯ ಎಚ್‌ಪಿ ಪ್ರೋಕರ್ವ್‌ನಲ್ಲಿ ಮತ್ತು ಮೈಕ್ರೋಟಿಕ್‌ನಲ್ಲಿ ಲೂಪ್-ಪ್ರೊಟೆಕ್ಟ್, ಟಿಪಿ-ಲಿಂಕ್ ಮತ್ತು ಡಿ-ಲಿಂಕ್‌ನ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಲೂಪ್‌ಬ್ಯಾಕ್ ಡಿಟೆಕ್ಷನ್. ಇವು ಕಳಿಸುವ ಫ್ರೇಮ್‌ಗಳನ್ನು ಸಾದಾ ಸ್ವಿಚ್ ನುಂಗುವುದಿಲ್ಲ, ಹಾಗಾಗಿ ಬಿಪಿಡಿಯು ಸೋಲುವ ಕಡೆ ಇವು ಗೆಲ್ಲುತ್ತವೆ. ಲ್ಯಾಬಿನ ಸಾದಾ ಸ್ವಿಚ್ ಕೆಟ್ಟಾಗ ಇನ್ನೊಂದು ಸಾದಾ ತರುವ ಬದಲು ಲೂಪ್ ತಡೆ ಇರುವ ಸ್ಮಾರ್ಟ್ ಸ್ವಿಚ್ ಕೇಳಿ. ಟಿಪಿ-ಲಿಂಕ್‌ನ ಈಸಿ ಸ್ಮಾರ್ಟ್ ಶ್ರೇಣಿಯಲ್ಲಿ ಸ್ಪ್ಯಾನಿಂಗ್ ಟ್ರೀ ಇಲ್ಲದಿದ್ದರೂ ಲೂಪ್ ತಡೆ ಇದೆ, ಲ್ಯಾಬಿಗೆ ಅದು ಸಾಕು.

ಮುಚ್ಚಿದ ಪೋರ್ಟ್ ತಾನಾಗಿ ತೆರೆಯಬೇಕೇ? "ಎರ್‌ಡಿಸೇಬಲ್ ರಿಕವರಿ" ಹಾಕಿದರೆ ಮೂಲಬೆಲೆಯಂತೆ 300 ಸೆಕೆಂಡಿಗೆ ತೆರೆಯುತ್ತದೆ. ಮೊದಲ ತಿಂಗಳು ಹಾಕಬೇಡಿ ಎಂಬುದು ನನ್ನ ಸಲಹೆ. ತಾನಾಗಿ ತೆರೆದರೆ ಲೂಪ್ ಹಾಗೇ ಉಳಿದು ಐದು ನಿಮಿಷಕ್ಕೊಮ್ಮೆ ಒಂದು ಬಿಕ್ಕಳಿಕೆ ಬರುತ್ತದೆ, ಯಾರೂ ದೂರು ಕೊಡುವುದಿಲ್ಲ, ಕಾರಣವೂ ಸಿಗುವುದಿಲ್ಲ. ಲ್ಯಾಬಿನವರು ಬಂದು "ನಮಗೆ ನೆಟ್ ಇಲ್ಲ" ಎಂದಾಗ "ಶೋ ಇಂಟರ್‌ಫೇಸಸ್ ಸ್ಟೇಟಸ್ ಎರ್-ಡಿಸೇಬಲ್ಡ್" ನೋಡಿ, ಕೇಬಲ್ ಸರಿಪಡಿಸಿ, ಆ ಪೋರ್ಟಿಗೆ "ಶಟ್‌ಡೌನ್", "ನೋ ಶಟ್‌ಡೌನ್" ಕೊಡಿ. ಯಾರೂ ಇರದ ರಜೆಯ ದಿನಗಳಿಗೆ ಬೇಕಾದರೆ 1800 ಸೆಕೆಂಡ್ ಇಟ್ಟುಕೊಳ್ಳಬಹುದು.

ಖರ್ಚಿಲ್ಲದ ಕೆಲಸಗಳೂ ಇವೆ. ಬಳಸದ ಪೋರ್ಟ್‌ಗಳನ್ನು ಶಟ್‌ಡೌನ್ ಮಾಡಿ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಕೇಬಲ್‌ಗಳಿಗೆಲ್ಲ ಒಂದೇ ಬಣ್ಣ, ಕಂಪ್ಯೂಟರಿಗೆ ಹೋಗುವುದಕ್ಕೆ ಬೇರೆ ಬಣ್ಣ. ಕಂಪ್ಯೂಟರ್ ತೆಗೆದ ಜಾಗದಲ್ಲಿ ಕೇಬಲ್ಲನ್ನೂ ಸ್ವಿಚ್ಚಿನ ಕಡೆಯಿಂದಲೇ ಕಿತ್ತುಬಿಡಿ.

ಎಲ್ಲ ಹಾಕಿ "ಕಾಪಿ ರನ್ ಸ್ಟಾರ್ಟ್" ಕೊಟ್ಟ ಮೇಲೆ ಒಂದು ಭಾನುವಾರ ನೀವೇ ಲೂಪ್ ಮಾಡಿ ನೋಡಿ. ಕನ್ಸೋಲ್ ತೆರೆದಿಟ್ಟು, ಒಂದು ಮೀಟರಿನ ಪ್ಯಾಚ್ ಕಾರ್ಡಿನ ಎರಡೂ ತುದಿಯನ್ನು ಮೊದಲ ಲ್ಯಾಬಿನ ಸಾದಾ ಸ್ವಿಚ್ಚಿಗೆ ಚುಚ್ಚಿ ಗಡಿಯಾರ ನೋಡಿ. ಎರಡು ಮೂರು ಸೆಕೆಂಡಿನಲ್ಲಿ ಬಿಪಿಡಿಯು ಗಾರ್ಡ್ ಎಂಬ ಸಾಲು ಬಿದ್ದರೆ ಆ ಸ್ವಿಚ್ ಬಿಪಿಡಿಯು ದಾಟಿಸುವ ಜಾತಿ. ಲೂಪ್‌ಬ್ಯಾಕ್ ಅಥವಾ ಸ್ಟಾರ್ಮ್ ಕಂಟ್ರೋಲ್ ಸಾಲು ಮಾತ್ರ ಬಿದ್ದರೆ ನುಂಗುವ ಜಾತಿ ಎಂದೇ ಲೆಕ್ಕ. ಏನೂ ಬೀಳದೆ ಕಾಲೇಜಿಡೀ ಮಿಟುಕಿದರೆ ತುದಿ ಕಿತ್ತು, ಆ ಪೋರ್ಟಿನ ಸಾಲುಗಳನ್ನು ಮತ್ತೆ ಓದಿ. ಪ್ರತಿ ಸಾದಾ ಸ್ವಿಚ್ಚಿಗೂ ಹೀಗೆ ಮಾಡಿ ಅದರ ಮೇಲೆ "ದಾಟಿಸುತ್ತದೆ" ಅಥವಾ "ನುಂಗುತ್ತದೆ" ಎಂದು ಚೀಟಿ ಅಂಟಿಸಿ. ಹಣ ಬಂದಾಗ ಮೊದಲು ಬದಲಿಸಬೇಕಾದದ್ದು ನುಂಗುವ ಚೀಟಿಯವು.